ಬಿಳಿಮೋಡದ ಮಂದಿರ: ಒಂದು ಸಮಾಧಿ, ಒಂದು ಗ್ರಂಥಭಂಡಾರ



ಹಳೆಯ ದೇವಾಲಯವೊಂದನ್ನು ದೂರದರ್ಶನದ ಪರದೆಯ ಮೇಲೆ ತೋರಿಸುವುದು ಕಷ್ಟದ ಕೆಲಸವಲ್ಲ. ಮಹಾದ್ವಾರದಿಂದ ಒಳಗಿನ ಮೂರ್ತಿಯವರೆಗೆ ಕ್ಯಾಮೆರಾ ಸಾಗಿದರೆ ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಆ ದೇವಾಲಯದ ವಯಸ್ಸನ್ನು ತೋರಿಸುವುದು ಸುಲಭವಲ್ಲ. ನಿನ್ನೆ ಬಳಿದ ಬಣ್ಣವೂ ಸಾವಿರ ವರ್ಷದ ಕಲ್ಲೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಪರದೆಯ ಮೇಲೆ ಹೇಳಲಾಗದ ಅಂಥ ಕೆಲವು ಸಂಗತಿಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಾವು ನೋಡಲಿರುವುದು ಚೀನಾದ ರಾಜಧಾನಿ ಬೀಜಿಂಗ್ ನಗರದ ಪಶ್ಚಿಮ ಭಾಗದಲ್ಲಿರುವ ಬೈಯುನ್ ಗುವಾನ್ ಎಂಬ ಮಂದಿರವನ್ನು. ಬೈಯುನ್ ಎಂದರೆ ಬಿಳಿಮೋಡ. ಗುವಾನ್ ಎಂಬುದು ತಾವೋ ಧರ್ಮದ ಮಂದಿರಕ್ಕೆ ಇರುವ ಹೆಸರು. ಅದೇ ಅಕ್ಷರಕ್ಕೆ ಚೀನಿ ಭಾಷೆಯಲ್ಲಿ ‘ಗಮನಿಸಿ ನೋಡು’ ಎಂಬ ಅರ್ಥವೂ ಇದೆ. ಆಕಾಶವನ್ನು ಗಮನಿಸಲು ಕಟ್ಟಿದ ಅಟ್ಟಣೆಯಿಂದ ಈ ಹೆಸರು ಬಂದಿತೆಂದು ಆ ಧರ್ಮದವರ ಐತಿಹ್ಯ ಹೇಳುತ್ತದೆ.

ಈ ಮಂದಿರದ ಇತಿಹಾಸ ಸುಮಾರು 1280 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆದರೆ ಇಂದು ಅಲ್ಲಿ ನಿಂತಿರುವ ಕಟ್ಟಡಗಳಲ್ಲಿ ಹೆಚ್ಚಿನವು ಮಿಂಗ್ ಮತ್ತು ಚಿಂಗ್ ವಂಶದ ಅರಸರ ಕಾಲದವು. ಅಂದರೆ ಕಳೆದ ಐದಾರು ನೂರು ವರ್ಷಗಳಲ್ಲಿ ಕಟ್ಟಿದವು ಅಥವಾ ಮತ್ತೆ ಕಟ್ಟಿದವು. ಮಂದಿರ ಹಲವು ಬಾರಿ ಬೆಂಕಿಗೆ ಆಹುತಿಯಾಗಿದೆ, ಹೆಸರು ಬದಲಾಯಿಸಿಕೊಂಡಿದೆ, ಇದ್ದ ಜಾಗದಿಂದ ಸ್ವಲ್ಪ ಪಕ್ಕಕ್ಕೂ ಸರಿದಿದೆ. ಹಾಗಿದ್ದರೆ ಅಷ್ಟು ಕಾಲದಿಂದ ಉಳಿದು ಬಂದದ್ದಾದರೂ ಏನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ತಾವೋ ಎಂದರೇನು?

ತಾವೋ ಎಂದರೆ ದಾರಿ. ಸೃಷ್ಟಿಯೆಲ್ಲ ತನ್ನಷ್ಟಕ್ಕೆ ತಾನು ನಡೆಯುವ ದಾರಿ ಎಂದು ಸ್ಥೂಲವಾಗಿ ಹೇಳಬಹುದು. ಹಟದಿಂದ ಜಗತ್ತನ್ನು ಬಗ್ಗಿಸಲು ಹೋಗದೆ, ನೀರಿನಂತೆ ಮೆದುವಾಗಿ ಆ ದಾರಿಗೆ ಹೊಂದಿಕೊಂಡು ಬಾಳಬೇಕೆಂಬುದು ಈ ಚಿಂತನೆಯ ತಿರುಳು. ಇದರ ಮೂಲಗ್ರಂಥ ‘ತಾವೋ ತೆ ಚಿಂಗ್’. ಅದನ್ನು ಬರೆದವನು ಲಾವೋತ್ಸೆ ಎಂಬುದು ಪರಂಪರೆಯ ನಂಬಿಕೆ.

ಕ್ರಿ.ಶ. 2ನೆಯ ಶತಮಾನದಲ್ಲಿ ಈ ಚಿಂತನೆ ಪೂಜೆ, ಪುರೋಹಿತರು, ಗ್ರಂಥಗಳು, ಅನುಯಾಯಿಗಳ ಸಂಘಟನೆ ಎಲ್ಲವೂ ಇರುವ ಧರ್ಮದ ರೂಪ ಪಡೆಯಿತು. ಲಾವೋತ್ಸೆ ದೇವನಾದ. ದೀರ್ಘಾಯುಸ್ಸಿಗಾಗಿ ಉಸಿರಾಟದ ಸಾಧನೆ, ಗಿಡಮೂಲಿಕೆಗಳ ಔಷಧ, ಪಾದರಸ, ಗಂಧಕ ಮೊದಲಾದವುಗಳಿಂದ ‘ಅಮರತ್ವದ ಗುಳಿಗೆ’ ತಯಾರಿಸುವ ರಸವಿದ್ಯೆ ಇವೆಲ್ಲವೂ ಸೇರಿಕೊಂಡವು. ವಿಜ್ಞಾನ ಓದುವವರು ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಮತ್ತೆ ಬರುತ್ತದೆ.

7ನೆಯ ಶತಮಾನದ ಆರಂಭದಲ್ಲಿ ಅಧಿಕಾರಕ್ಕೆ ಬಂದ ತಾಂಗ್ ವಂಶದ ಅರಸರ ಮನೆತನದ ಹೆಸರು ಲೀ. ಲಾವೋತ್ಸೆಯ ಮನೆತನವೂ ಲೀ ಎಂದು ಪ್ರತೀತಿ. ಅರಸರು ತಮ್ಮನ್ನು ಅವನ ವಂಶಸ್ಥರೆಂದು ಕರೆದುಕೊಂಡರು. ಷುವಾನ್‌ಝೊಂಗ್ ಎಂಬ ಚಕ್ರವರ್ತಿ ‘ತಾವೋ ತೆ ಚಿಂಗ್’ ಗ್ರಂಥಕ್ಕೆ ತಾನೇ ವ್ಯಾಖ್ಯಾನ ಬರೆದ. ಮನೆಮನೆಯಲ್ಲೂ ಅದರ ಒಂದು ಪ್ರತಿ ಇರಬೇಕೆಂದು ಆಜ್ಞೆ ಮಾಡಿದ. ಅವನ ಕಾಲದಲ್ಲಿಯೇ, ಸುಮಾರು ಕ್ರಿ.ಶ. 740ರ ವೇಳೆಗೆ, ಇಂದಿನ ಬೀಜಿಂಗ್ ಇರುವ ಕಡೆ ತ್ಯೆನ್‌ಚಾಂಗ್ ಗುವಾನ್ ಎಂಬ ಮಂದಿರ ಸ್ಥಾಪನೆಯಾಯಿತು. ಆಗ ಅದು ರಾಜಧಾನಿಯಲ್ಲ, ಉತ್ತರದ ಗಡಿಯ ಒಂದು ಪಟ್ಟಣ. ಆ ಕಾಲದ್ದೆಂದು ಹೇಳುವ ಲಾವೋತ್ಸೆಯ ಒಂದು ಶಿಲಾಮೂರ್ತಿಯನ್ನು ಬೈಯುನ್ ಗುವಾನಿನಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ನಾಲ್ಕು ನೂರು ವರ್ಷಗಳ ನಂತರ ಈ ಪ್ರದೇಶ ಜುರ್ಚೆನ್ ಜನರ ಚಿನ್ ವಂಶದ ಕೈಯಲ್ಲಿತ್ತು. 1153ರಲ್ಲಿ ಅವರು ಇಲ್ಲಿ ತಮ್ಮ ರಾಜಧಾನಿ ಮಾಡಿಕೊಂಡರು. ಸುಟ್ಟುಹೋಗಿದ್ದ ಮಂದಿರವನ್ನು 1167ರಿಂದ 1174ರವರೆಗೆ ಮತ್ತೆ ಕಟ್ಟಿದರು. 1190ರ ವೇಳೆಗೆ ತಾವೋ ಧರ್ಮದ ಗ್ರಂಥಗಳನ್ನೆಲ್ಲ ನಾಡಿನಾದ್ಯಂತ ಹುಡುಕಿ ತಂದು, ಈ ಮಂದಿರದಲ್ಲಿಯೇ 6455 ಸುರುಳಿಗಳ ಒಂದು ಮಹಾಸಂಗ್ರಹ ಸಿದ್ಧಪಡಿಸಿದರು. ಸುರುಳಿ ಎಂಬುದು ಹಳೆಯ ಚೀನಿ ಲೆಕ್ಕ; ಒಂದು ಸುರುಳಿ ಎಂದರೆ ಹೆಚ್ಚು ಕಡಿಮೆ ಒಂದು ಅಧ್ಯಾಯ. ಆದರೆ 1202ರಲ್ಲಿ ಮಂದಿರಕ್ಕೆ ಮತ್ತೆ ಬೆಂಕಿ ಬಿತ್ತು. ಗ್ರಂಥಗಳನ್ನು ಮುದ್ರಿಸಲು ಕೆತ್ತಿದ್ದ ಮರದ ಅಚ್ಚುಹಲಗೆಗಳೂ ಉರಿದುಹೋದವು. ಮತ್ತೆ ಕಟ್ಟುವ ಕೆಲಸ ನಡೆದು ಹೆಚ್ಚು ಕಾಲ ಕಳೆದಿರಲಿಲ್ಲ. 1215ರಲ್ಲಿ ಮಂಗೋಲರ ಸೈನ್ಯ ರಾಜಧಾನಿಯನ್ನು ಹಿಡಿದು ಹಾಳುಗೆಡವಿತು.

ವೃದ್ಧ ಸನ್ಯಾಸಿಯ ದೂರ ಪ್ರಯಾಣ

ಇಲ್ಲಿ ನಮ್ಮ ಕಥೆಗೆ ಒಬ್ಬ ವ್ಯಕ್ತಿ ಪ್ರವೇಶಿಸುತ್ತಾನೆ. ಅವನ ಹೆಸರು ಚ್ಯೂ ಚೂಜಿ. ಹುಟ್ಟಿದ್ದು 1148ರಲ್ಲಿ, ಪೂರ್ವದ ಶಾಂಡೊಂಗ್ ಪ್ರಾಂತದಲ್ಲಿ. ಚುವಾನ್‌ಝೆನ್, ಅಂದರೆ ‘ಪೂರ್ಣಸತ್ಯ’ ಎಂಬ ಹೊಸ ಪಂಥವನ್ನು ಸ್ಥಾಪಿಸಿದ ವಾಂಗ್ ಚೊಂಗ್‌ಯಾಂಗನ ಏಳು ಮುಖ್ಯ ಶಿಷ್ಯರಲ್ಲಿ ಇವನೊಬ್ಬ. ಈ ಪಂಥದವರು ಮನೆಮಠ ಬಿಟ್ಟ ಬ್ರಹ್ಮಚಾರಿಗಳು. ಪಾದರಸದ ಗುಳಿಗೆಗಳಲ್ಲಿ ಇವರಿಗೆ ನಂಬಿಕೆ ಇರಲಿಲ್ಲ. ಕುಲುಮೆ ಎಂದರೆ ನಮ್ಮ ದೇಹ, ಪಾಕವಾಗಬೇಕಾದ ಲೋಹ ಎಂದರೆ ನಮ್ಮ ಮನಸ್ಸು ಎಂಬುದು ಇವರ ಬೋಧನೆ. ಚ್ಯೂ ಚೂಜಿಗೆ ಚಾಂಗ್‌ಚುನ್ ಎಂಬ ಬಿರುದಿತ್ತು. ಹಾಗೆಂದರೆ ‘ನಿತ್ಯವಸಂತ’.

1219ರಲ್ಲಿ ಅವನಿಗೆ ಚೆಂಗಿಸ್ ಖಾನನಿಂದ ಕರೆ ಬಂತು. ಮಧ್ಯ ಏಷ್ಯವನ್ನು ಗೆಲ್ಲಲು ಹೊರಟಿದ್ದ ಖಾನನಿಗೆ ವಯಸ್ಸಾಗುತ್ತಿತ್ತು. ಚೀನಾದಲ್ಲಿ ಬಹುಕಾಲ ಬದುಕುವ ವಿದ್ಯೆ ಬಲ್ಲ ಸಿದ್ಧಪುರುಷನಿದ್ದಾನೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅದಕ್ಕೆ ಮೊದಲು ಚಿನ್ ಮತ್ತು ಸೊಂಗ್ ಅರಸರ ಆಮಂತ್ರಣಗಳನ್ನು ಒಲ್ಲೆ ಎಂದಿದ್ದ ಚ್ಯೂ ಚೂಜಿ ಈ ಕರೆಗೆ ಓಗೊಟ್ಟ. 1220ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, 18 ಮಂದಿ ಶಿಷ್ಯರೊಂದಿಗೆ ಹೊರಟ. ಮಂಗೋಲಿಯದ ಹುಲ್ಲುಗಾವಲು, ಆಲ್ಟಾಯ್ ಪರ್ವತ, ಸಮರಖಂಡ ಇವುಗಳನ್ನು ದಾಟಿ, 1222ರಲ್ಲಿ ಹಿಂದೂಕುಷ್ ಪರ್ವತದ ಬಳಿ ಬೀಡುಬಿಟ್ಟಿದ್ದ ಖಾನನನ್ನು ಕಂಡ. ದಾರಿಯುದ್ದಕ್ಕೂ ಮಂಗೋಲರ ಯುದ್ಧ ಬಿಟ್ಟುಹೋದ ಎಲುಬುಗಳನ್ನೂ ಪಾಳು ಊರುಗಳನ್ನೂ ಅವರು ನೋಡಿದರು. ಜೊತೆಗಿದ್ದ ಲೀ ಝಿಚಾಂಗ್ ಎಂಬ ಶಿಷ್ಯ ಈ ಪ್ರಯಾಣವನ್ನು ಬರೆದಿಟ್ಟ.

ಆ ಪ್ರವಾಸಕಥನದ ಒಂದು ಪ್ರಸಂಗವನ್ನು ನಿಮಗೆ ಹೇಳಲೇಬೇಕು. 1221ರ ಮೇ 23ರಂದು, ಮಂಗೋಲಿಯದ ಕೆರುಲೆನ್ ನದಿಯ ಬಳಿ ಇದ್ದಾಗ, ಅವರು ಪೂರ್ಣ ಸೂರ್ಯಗ್ರಹಣವನ್ನು ನೋಡಿದರು. ಮಧ್ಯಾಹ್ನದಲ್ಲಿ ನಕ್ಷತ್ರಗಳು ಕಂಡವು. ಮುಂದೆ ಸಮರಖಂಡಕ್ಕೆ ಬಂದಾಗ ಚ್ಯೂ ಚೂಜಿ ಅಲ್ಲಿಯ ಖಗೋಳಜ್ಞನೊಬ್ಬನನ್ನು ಆ ಗ್ರಹಣದ ಬಗ್ಗೆ ವಿಚಾರಿಸಿದ. ಇಲ್ಲಿ ಅದು ಬೆಳಗಿನ ಹೊತ್ತು ಕಂಡಿತು, ಸೂರ್ಯಬಿಂಬದ ಹತ್ತರಲ್ಲಿ ಆರು ಪಾಲು ಮಾತ್ರ ಮುಚ್ಚಿತ್ತು ಎಂದು ಅವನು ಉತ್ತರಿಸಿದ. ಆಲ್ಟಾಯ್ ಪರ್ವತದ ಬಳಿ ಏಳು ಪಾಲು ಮುಚ್ಚಿತ್ತೆಂಬ ಸುದ್ದಿ ದಾರಿಯಲ್ಲೇ ಸಿಕ್ಕಿತ್ತು. ಮೂರನ್ನೂ ಹೋಲಿಸಿ ನೋಡಿದ ಮುದುಕ ಕಾರಣವನ್ನು ಹೀಗೆ ವಿವರಿಸಿದ: ದೀಪಕ್ಕೆ ಬೀಸಣಿಗೆ ಅಡ್ಡ ಹಿಡಿದರೆ ಅದರ ನೆರಳು ಬಿದ್ದ ಕಡೆ ಪೂರ್ತಿ ಕತ್ತಲೆ, ಪಕ್ಕಕ್ಕೆ ಸರಿದಷ್ಟೂ ಬೆಳಕು ಹೆಚ್ಚು. ಗ್ರಹಣವೂ ಅಂಥದೇ. ಚಂದ್ರನ ದಟ್ಟ ನೆರಳು ಮತ್ತು ಅರೆನೆರಳುಗಳ ಬಗ್ಗೆ ನಿಮ್ಮ ಪಠ್ಯಪುಸ್ತಕ ಹೇಳುವುದೂ ಇದನ್ನೇ. ಮೂರು ಊರುಗಳ ಮಾಹಿತಿಯನ್ನು ಕಲೆಹಾಕಿ ಒಂದು ತೀರ್ಮಾನಕ್ಕೆ ಬರುವ ಈ ಕ್ರಮವನ್ನು ವಿಜ್ಞಾನದ ಕ್ರಮವೆನ್ನದೆ ಬೇರೇನೆನ್ನಬೇಕು?

ಖಾನನ ಮೊದಲ ಪ್ರಶ್ನೆ ನಿರೀಕ್ಷಿಸಿದಂತೆಯೇ ಇತ್ತು. ಸಾವಿಲ್ಲದಂತೆ ಮಾಡುವ ಔಷಧ ತಂದಿದ್ದೀಯಾ ಎಂದು ಅವನು ಕೇಳಿದ. ಕ್ಷಣ ನಿಂತು ಯೋಚಿಸಿ. ಕೇಳುತ್ತಿರುವವನು ಅರ್ಧ ಏಷ್ಯವನ್ನು ನಡುಗಿಸಿದ ಮನುಷ್ಯ. ಕೇಳಿಸಿಕೊಳ್ಳುತ್ತಿರುವವನು ನಿರಾಯುಧನಾದ ಒಬ್ಬ ಮುದುಕ. ಏನಾದರೊಂದು ಗುಳಿಗೆ ಕೊಟ್ಟು ಬಹುಮಾನ ಪಡೆಯುವುದು ಸುಲಭವಿತ್ತು. ಚ್ಯೂ ಚೂಜಿ ಹಾಗೆ ಮಾಡಲಿಲ್ಲ. ಆಯುಸ್ಸನ್ನು ಕಾಪಾಡಿಕೊಳ್ಳುವ ಕ್ರಮಗಳಿವೆ, ಆದರೆ ಅಮರತ್ವದ ಔಷಧ ಎಂಬುದಿಲ್ಲ ಎಂದು ನೇರವಾಗಿ ಹೇಳಿದ. ಖಾನ್ ಸಿಟ್ಟಾಗಲಿಲ್ಲ, ಅವನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡ. ಅಂದಿನಿಂದ ನಡೆದ ಮಾತುಕತೆಗಳಲ್ಲಿ ಸನ್ಯಾಸಿ ಅವನಿಗೆ ಮಿತವಾದ ಬದುಕನ್ನೂ ಜೀವದ ಮೇಲಿನ ದಯೆಯನ್ನೂ ಬೋಧಿಸಿದ.

ಈ ಸನ್ಯಾಸಿಯ ಒಂದು ಮಾತಿನಿಂದ ಮಂಗೋಲರ ಕಗ್ಗೊಲೆ ನಿಂತಿತೆಂದು ಮುಂದಿನ ತಲೆಮಾರಿನವರು ಹೇಳಿದರು. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಹಾಗೆಯೇ ಒಪ್ಪಬಾರದು. ಚೆಂಗಿಸ್ ಖಾನನ ಕೊನೆಯ ದಂಡಯಾತ್ರೆಯೂ ಕ್ರೂರವಾಗಿಯೇ ಇತ್ತು. ಆದರೆ ಇನ್ನೊಂದು ಕೆಲಸ ನಿಜವಾಗಿ ನಡೆಯಿತು. ಚ್ಯೂ ಚೂಜಿಯ ಶಿಷ್ಯರು ತೆರಿಗೆ ಮತ್ತು ಬಿಟ್ಟಿ ದುಡಿಮೆಗಳಿಂದ ಮುಕ್ತರೆಂದು 1223ರಲ್ಲಿ ಖಾನ್ ಆಜ್ಞಾಪತ್ರ ಕೊಟ್ಟ. ಹಿಂದಿರುಗಿದ ಮೇಲೆ ಚ್ಯೂ ಚೂಜಿ ತನ್ನ ಶಿಷ್ಯರ ಕೈಯಲ್ಲಿ ಪತ್ರಗಳನ್ನು ಕೊಟ್ಟು ಯುದ್ಧದಲ್ಲಿ ನೊಂದ ಜನರ ನಡುವೆ ಕಳಿಸಿದ. ಹೀಗೆ ಗುಲಾಮಗಿರಿಯಿಂದ ಬಿಡುಗಡೆಯಾದವರು, ಸಾವಿನ ಬಾಯಿಂದ ಪಾರಾದವರು ಇಪ್ಪತ್ತು ಮೂವತ್ತು ಸಾವಿರ ಮಂದಿ ಎಂದು ಯುವಾನ್ ವಂಶದ ಅಧಿಕೃತ ಚರಿತ್ರೆ ಹೇಳುತ್ತದೆ. ಒಂದು ದಂತಕಥೆಗಿಂತ ಈ ಕಾಗದಪತ್ರದ ಕೆಲಸವೇ ದೊಡ್ಡದೆಂದು ನನಗನ್ನಿಸುತ್ತದೆ.

1224ರಲ್ಲಿ ಅವನು ಬಂದು ನೆಲೆಸಿದ್ದು ಬೀಜಿಂಗಿನ ಆ ಹಳೆಯ, ಹಾಳುಬಿದ್ದ ಮಂದಿರದಲ್ಲಿ. ಶಿಷ್ಯರು ಅದನ್ನು ದುರಸ್ತಿ ಮಾಡಿದರು. 1227ರಲ್ಲಿ ಅವನ ಬಿರುದಿನಿಂದಲೇ ಅದಕ್ಕೆ ಚಾಂಗ್‌ಚುನ್ ಅರಮನೆ ಎಂಬ ಹೆಸರಾಯಿತು. ಅದೇ ವರ್ಷ ಚ್ಯೂ ಚೂಜಿ ತೀರಿಕೊಂಡ. ಚೆಂಗಿಸ್ ಖಾನ್ ಸತ್ತದ್ದೂ ಅದೇ ವರ್ಷ. ಖಾನನ ಸಮಾಧಿ ಎಲ್ಲಿದೆಯೆಂದು ಈವರೆಗೆ ಯಾರಿಗೂ ಪತ್ತೆಯಾಗಿಲ್ಲ. ಸನ್ಯಾಸಿಯ ಸಮಾಧಿಯ ಜಾಗ ಮಾತ್ರ ಬೀಜಿಂಗಿನ ಜನರಿಗೆಲ್ಲ ಗೊತ್ತು. ಶಿಷ್ಯ ಯಿನ್ ಝಿಪಿಂಗ್ ಮಂದಿರದ ಪೂರ್ವಭಾಗದಲ್ಲಿ ಗುರುವಿನ ಅವಶೇಷಗಳನ್ನಿಟ್ಟು ಒಂದು ಸಣ್ಣ ಗುಡಿ ಕಟ್ಟಿಸಿದ.

ಕುಬ್ಲಾಯ್ ಖಾನ್ 1267ರಿಂದ ಈಶಾನ್ಯಕ್ಕೆ ಹೊಸ ರಾಜಧಾನಿಯನ್ನು ಕಟ್ಟಿಸಿದ. ಹಳೆಯ ನಗರ ಕ್ರಮೇಣ ಖಾಲಿಯಾಯಿತು. ಯುವಾನ್ ವಂಶ ಕೊನೆಗಾಣುವ ಹೊತ್ತಿಗೆ ಭವ್ಯವಾದ ಚಾಂಗ್‌ಚುನ್ ಅರಮನೆ ಹಾಳಾಗಿತ್ತು. ಉಳಿದದ್ದು ಪಕ್ಕದ ಆ ಸಣ್ಣ ಸಮಾಧಿ ಗುಡಿ. ಮಿಂಗ್ ಅರಸರ ಕಾಲದಲ್ಲಿ ಅದರ ಸುತ್ತಲೇ ಹೊಸ ಮಂದಿರ ಎದ್ದಿತು, ಅದಕ್ಕೆ ಬೈಯುನ್ ಗುವಾನ್ ಎಂದು ಹೆಸರಾಯಿತು. ದೊಡ್ಡದು ಹೋಗಿ ಚಿಕ್ಕದು ಉಳಿಯಿತು. ದಿನವೂ ದೀಪ ಹಚ್ಚುವವರು ಇದ್ದದ್ದು ಆ ಚಿಕ್ಕದಕ್ಕೇ.

ಸುಟ್ಟ ಗ್ರಂಥಗಳು, ಉಳಿದ ಗ್ರಂಥಗಳು

ಖಾನನ ಕೃಪೆ ತಾವೋ ಧರ್ಮದವರಿಗೆ ಒಳ್ಳೆಯದನ್ನಷ್ಟೇ ಮಾಡಲಿಲ್ಲ. ಅವರು ಬೌದ್ಧರ ವಿಹಾರಗಳನ್ನು ಆಕ್ರಮಿಸಿಕೊಂಡರು. ಲಾವೋತ್ಸೆಯು ಪಶ್ಚಿಮಕ್ಕೆ ಹೋಗಿ, ಭಾರತದಲ್ಲಿ ಬುದ್ಧನಾಗಿ ಬೋಧಿಸಿದನೆಂದು ಹೇಳುವ ಹಳೆಯ ಪುಸ್ತಕವೊಂದನ್ನು ಮುಂದುಮಾಡಿದರು. ಬೌದ್ಧರು ದೂರು ಕೊಟ್ಟರು. 1258ರಲ್ಲಿ ಕುಬ್ಲಾಯ್ ಎದುರಿನಲ್ಲಿ ವಾದ ನಡೆದು ತಾವೋ ಧರ್ಮದವರು ಸೋತರು. ಕೊನೆಗೆ 1281ರಲ್ಲಿ, ‘ತಾವೋ ತೆ ಚಿಂಗ್’ ಒಂದನ್ನು ಬಿಟ್ಟು ಅವರ ಉಳಿದೆಲ್ಲ ಗ್ರಂಥಗಳನ್ನೂ ಅಚ್ಚುಹಲಗೆಗಳನ್ನೂ ಸುಡಬೇಕೆಂದು ಆಜ್ಞೆಯಾಯಿತು. ಚ್ಯೂ ಚೂಜಿಯ ಶಿಷ್ಯರ ಕಾಲದಲ್ಲಿ, 1244ರಲ್ಲಿ, ಶ್ರಮಪಟ್ಟು ಪೂರೈಸಿದ್ದ ಸುಮಾರು 7800 ಸುರುಳಿಗಳ ಸಂಗ್ರಹ ಹೀಗೆ ನಾಶವಾಯಿತು. ಅಧಿಕಾರದ ನೆರಳಿನಲ್ಲಿ ಬೆಳೆದದ್ದಕ್ಕೆ ಆ ನೆರಳು ಸರಿದಾಗ ಇಂಥ ಗತಿ ಬರುವುದುಂಟು.

ಮಿಂಗ್ ಅರಸರು ಅಳಿದುಳಿದ ಗ್ರಂಥಗಳನ್ನು ಮತ್ತೆ ಕೂಡಿಸಲು ಕೈಹಾಕಿದರು. 1406ರಲ್ಲಿ ಆರಂಭವಾದ ಕೆಲಸ 1445ರಲ್ಲಿ ಮುಗಿಯಿತು. ಈ ಬಾರಿ 5305 ಸುರುಳಿಗಳು. ಇದನ್ನು ‘ದಾವೋಜಾಂಗ್’, ಅಂದರೆ ತಾವೋ ಭಂಡಾರ ಎನ್ನುತ್ತಾರೆ. ಇದರ ಪ್ರತಿಗಳನ್ನು ದೇಶದ ಪ್ರಮುಖ ಮಂದಿರಗಳಿಗೆ ಹಂಚಲಾಯಿತು. 1447ರಲ್ಲಿ ಒಂದು ಪ್ರತಿ ಬೈಯುನ್ ಗುವಾನಿಗೆ ಬಂತು.

ಧರ್ಮಗ್ರಂಥಗಳ ಸಂಗ್ರಹದಿಂದ ವಿಜ್ಞಾನದ ವಿದ್ಯಾರ್ಥಿಗೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು, ಸಿಡಿಮದ್ದಿನ ಜನ್ಮವೃತ್ತಾಂತ. ಈ ಸಂಗ್ರಹದಲ್ಲಿರುವ, ಸುಮಾರು 9-10ನೆಯ ಶತಮಾನದ ಒಂದು ರಸವಿದ್ಯೆಯ ಪುಸ್ತಕ ಸಾಧಕರಿಗೆ ಒಂದು ಎಚ್ಚರಿಕೆ ಕೊಡುತ್ತದೆ. ಗಂಧಕ, ಮನಃಶಿಲೆ, ಪೆಟ್ಲುಪ್ಪು ಇವನ್ನು ಜೇನುತುಪ್ಪದೊಂದಿಗೆ ಸೇರಿಸಿ ಕಾಸಿದ ಕೆಲವರ ಕೈ ಮುಖಗಳು ಸುಟ್ಟವು, ಮನೆಯೂ ಉರಿದುಹೋಯಿತು, ಹಾಗೆ ಮಾಡಬೇಡಿ ಎಂಬುದು ಅದರ ಸಾರ. ಪೆಟ್ಲುಪ್ಪು ಆಮ್ಲಜನಕ ಒದಗಿಸುತ್ತದೆ, ಕಾದ ಜೇನು ಇಂಗಾಲ ಕೊಡುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳುತ್ತದೆ. ಅಮರತ್ವದ ಮದ್ದನ್ನು ಹುಡುಕಿದವರಿಗೆ ಸಾವಿನ ಮದ್ದು ಸಿಕ್ಕಿತು!

ಎರಡನೆಯದು, ಮೋತ್ಸೆ ಎಂಬ ಪ್ರಾಚೀನ ಚಿಂತಕನ ಗ್ರಂಥ. ಸಣ್ಣ ರಂಧ್ರದ ಮೂಲಕ ಬೆಳಕು ಹಾಯ್ದಾಗ ಆಚೆ ಬದಿಯಲ್ಲಿ ಬಿಂಬ ತಲೆಕೆಳಗಾಗಿ ಬೀಳುತ್ತದೆಂದು ಕ್ರಿಸ್ತಪೂರ್ವ ಕಾಲದ ಈ ಗ್ರಂಥ ಹೇಳುತ್ತದೆ. ನಮ್ಮ ಸ್ಟುಡಿಯೋದ ಕ್ಯಾಮೆರಾದ ಮೂಲತತ್ತ್ವವೂ ಇದೇ ಅಲ್ಲವೆ? ಮೋತ್ಸೆ ತಾವೋ ಪಂಥದವನೇ ಅಲ್ಲ. ಆದರೆ ಅವನೂ ಒಬ್ಬ ಸಿದ್ಧಪುರುಷನಾದನೆಂಬ ಕಥೆ ಬೆಳೆದಿತ್ತು. ಹಾಗಾಗಿ ಅವನ ಪುಸ್ತಕಕ್ಕೆ ಈ ಭಂಡಾರದಲ್ಲಿ ಜಾಗ ಸಿಕ್ಕಿತು. ಅದು ಇಂದಿನವರೆಗೆ ಉಳಿದು ಬರಲು ಅದೇ ಮುಖ್ಯ ಕಾರಣವಾಯಿತು.

ಮೂರನೆಯದು, 4ನೆಯ ಶತಮಾನದ ಗೆ ಹೊಂಗ್ ಬರೆದ ತುರ್ತು ಚಿಕಿತ್ಸೆಯ ಕೈಪಿಡಿ. ಚಳಿಜ್ವರಕ್ಕೆ ಚಿಂಗ್‌ಹಾವೋ ಎಂಬ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದು ಅದರಲ್ಲಿದೆ. ಕುದಿಸಬೇಕೆಂದು ಹೇಳಿಲ್ಲ. 1970ರ ದಶಕದ ಆರಂಭದಲ್ಲಿ ಮಲೇರಿಯಕ್ಕೆ ಔಷಧ ಹುಡುಕುತ್ತಿದ್ದ ವಿಜ್ಞಾನಿ ತೂ ಯೂಯೂ ಅವರಿಗೆ ಗೆ ಹೊಂಗನ ಈ ಮಾತಿನಿಂದ ಸುಳಿವು ಸಿಕ್ಕಿತು. ಕಾಯಿಸಿದರೆ ಸತ್ತ್ವ ಕೆಡುತ್ತಿರಬಹುದೆಂದು ಊಹಿಸಿದ ಅವರು ಈಥರ್ ಬಳಸಿ, ಕಡಿಮೆ ಉಷ್ಣತೆಯಲ್ಲಿ ಸಾರ ತೆಗೆದರು. ಹೀಗೆ ದೊರೆತದ್ದು ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಕೈಪಿಡಿಯೂ ದಾವೋಜಾಂಗ್ ಸಂಗ್ರಹದಲ್ಲಿ ಸೇರಿದೆ.

1900ರಲ್ಲಿ ಬಾಕ್ಸರ್ ದಂಗೆಯ ಹೊತ್ತಿಗೆ ವಿದೇಶಿ ಸೈನ್ಯಗಳು ಬೀಜಿಂಗನ್ನು ಹೊಕ್ಕಾಗ ದಾವೋಜಾಂಗಿನ ಅಚ್ಚುಹಲಗೆಗಳು ನಾಶವಾದವು. ಇನ್ನು ಮುದ್ರಿಸುವಂತಿರಲಿಲ್ಲ. ಹಳೆಯ ಪ್ರತಿಗಳೂ ಒಂದೊಂದಾಗಿ ಹಾಳಾಗಿ, ಹೆಚ್ಚುಕಡಿಮೆ ಪೂರ್ಣವಾಗಿ ಉಳಿದಿದ್ದವು ಕೆಲವೇ ಕೆಲವು. ಅವುಗಳಲ್ಲಿ ಬೈಯುನ್ ಗುವಾನಿನ ಪ್ರತಿಯೂ ಒಂದು. ಅದರಲ್ಲಿ ಕಳೆದುಹೋಗಿದ್ದ ಭಾಗಗಳನ್ನು 1845ರಲ್ಲಿ ನಕಲು ಮಾಡಿ ತುಂಬಿಸಿದ್ದರು. 1923ರಿಂದ 1926ರವರೆಗೆ ಶಾಂಘೈ ನಗರದ ಕಮರ್ಷಿಯಲ್ ಪ್ರೆಸ್ ಈ ಪ್ರತಿಯ ಛಾಯಾಚಿತ್ರ ತೆಗೆದು, 1120 ಸಂಪುಟಗಳಲ್ಲಿ ಅಚ್ಚು ಹಾಕಿತು. ಅಲ್ಲಿಯವರೆಗೆ ಕೆಲವು ಮಂದಿರಗಳ ಬೀರುಗಳಲ್ಲಿ ಬೀಗದೊಳಗಿದ್ದ ಗ್ರಂಥರಾಶಿ ಜಗತ್ತಿನ ವಿಶ್ವವಿದ್ಯಾನಿಲಯಗಳಿಗೆ ತಲುಪಿತು. ಚೀನಾದ ವಿಜ್ಞಾನದ ಚರಿತ್ರೆಯನ್ನು ಬರೆದ ಜೋಸೆಫ್ ನೀಡಮ್ ಅವರಂಥ ವಿದ್ವಾಂಸರು ರಸವಿದ್ಯೆಯ ಅಧ್ಯಾಯಗಳನ್ನು ಬರೆಯಲು ಸಾಧ್ಯವಾದದ್ದು ಈ ಮುದ್ರಣದಿಂದಲೇ. ಮಂದಿರದ ಮೂಲಪ್ರತಿ ಮುಂದೆ ಬೀಜಿಂಗಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿತು.

ಮಂದಿರದೊಳಗಿನ ಬದುಕು

17ನೆಯ ಶತಮಾನದ ನಡುವೆ ಮಂಚು ಜನರ ಚಿಂಗ್ ವಂಶ ಚೀನಾವನ್ನು ಗೆದ್ದಾಗ, ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಕಟ್ಟಪ್ಪಣೆಯಾಯಿತು. ತಾವೋ ಸನ್ಯಾಸಿಗಳಿಗೆ ವಿನಾಯಿತಿ ಸಿಕ್ಕಿತು. ನೆತ್ತಿಯ ಮೇಲೆ ತುರುಬು ಕಟ್ಟುವ ಹಳೆಯ ಪದ್ಧತಿ ಅವರಲ್ಲಿ ಇಂದಿಗೂ ಇದೆ. 1656ರಲ್ಲಿ ವಾಂಗ್ ಚಾಂಗ್‌ಯುವೆ ಎಂಬವನು ಬೈಯುನ್ ಗುವಾನಿನ ಮುಖ್ಯಸ್ಥನಾಗಿ, ಅಲ್ಲಿಯವರೆಗೆ ಗುಟ್ಟಾಗಿ ಒಬ್ಬರಿಂದೊಬ್ಬರಿಗೆ ನಡೆಯುತ್ತಿದ್ದ ದೀಕ್ಷೆಯನ್ನು ಬಹಿರಂಗವಾಗಿ ಕೊಡತೊಡಗಿದ. ದೇಶದ ಮೂಲೆಮೂಲೆಗಳಿಂದ ಸಾಧಕರು ಬಂದರು. ಇದು ‘ಹತ್ತು ದಿಕ್ಕುಗಳ’ ಮಂದಿರ, ಅಂದರೆ ಒಬ್ಬ ಗುರುವಿನ ಸ್ವತ್ತಲ್ಲ. ಯಾವ ಊರಿನ ಸನ್ಯಾಸಿ ಬಂದರೂ, ಪಂಥದ ಪಾಠ ಬರುತ್ತದೆಯೇ ಎಂದು ಪರೀಕ್ಷಿಸಿ ಊಟ ವಸತಿ ಕೊಡುವ ಸಾರ್ವಜನಿಕ ಮಠ.

1886ರಲ್ಲಿ ಇಲ್ಲಿ ಕೆತ್ತಿಸಿದ ಒಂದು ಕಲ್ಲಿನ ಫಲಕದ ಅಚ್ಚು ಇಂದು ಜಗತ್ತಿನ ತುಂಬ ಹರಡಿದೆ. ಅದರ ಹೆಸರು ‘ನೆಯ್‌ಚಿಂಗ್ ತೂ’, ಎಂದರೆ ಒಳಗಿನ ನೋಟದ ಚಿತ್ರ. ಕುಳಿತ ಮನುಷ್ಯನ ದೇಹವೇ ಅದರಲ್ಲಿ ಒಂದು ನಾಡಾಗಿದೆ. ತಲೆ ಬೆಟ್ಟಸಾಲು; ಬೆನ್ನುಹುರಿ ಮೇಲ್ಮುಖವಾಗಿ ಹರಿಯುವ ನದಿ; ಕೆಳಗೆ ಹುಡುಗ ಹುಡುಗಿ ತುಳಿಯುವ ನೀರಿನ ಚಕ್ರ; ಹೊಟ್ಟೆಯ ಭಾಗದಲ್ಲಿ ಹೊಲ ಉಳುವ ಎತ್ತು; ಹೃದಯದ ಬಳಿ ನಕ್ಷತ್ರಗಳನ್ನು ಹಿಡಿದ ಬಾಲಕ. ಇದು ಅಂಗರಚನಾಶಾಸ್ತ್ರದ ಪಾಠವಲ್ಲ, ಧ್ಯಾನದ ನಕ್ಷೆ. ಯೋಗದ ಷಟ್ಚಕ್ರಗಳ ಚಿತ್ರ ನೋಡಿದವರಿಗೆ ಇದು ತೀರ ಅಪರಿಚಿತವೆನಿಸದು.

ಇನ್ನೊಂದು ಸಭಾಂಗಣದಲ್ಲಿ 60 ದೇವತೆಗಳ ಮೂರ್ತಿಗಳಿವೆ. ನಮ್ಮ ಪ್ರಭವ, ವಿಭವ ಮೊದಲಾದ 60 ಸಂವತ್ಸರಗಳಂತೆ ಚೀನಿಯರಿಗೂ 60 ವರ್ಷಗಳ ಚಕ್ರವಿದೆ. ಒಂದೊಂದು ವರ್ಷಕ್ಕೆ ಒಬ್ಬೊಬ್ಬ ದೇವತೆ. ಭಕ್ತರು ತಾವು ಹುಟ್ಟಿದ ವರ್ಷದ ದೇವತೆಯನ್ನು ಹುಡುಕಿ ಕೈಮುಗಿಯುತ್ತಾರೆ.

ಈ ಮಂದಿರದ ಚರಿತ್ರೆಯಲ್ಲಿ ಕತ್ತಲೆಯ ಪುಟಗಳೂ ಇವೆ. 1946ರಲ್ಲಿ, ಭ್ರಷ್ಟನಾದನೆಂಬ ಆರೋಪ ಹೊತ್ತ ಮುಖ್ಯಸ್ಥನನ್ನು ಅಲ್ಲಿಯ ಸನ್ಯಾಸಿಗಳೇ ಸುಟ್ಟು ಕೊಂದರು. ಜೀವದ ಮೇಲೆ ದಯೆ ಇರಲಿ ಎಂದು ಖಾನನಿಗೆ ಹೇಳಿದ ಗುರುವಿನ ಸಮಾಧಿ ಇದ್ದದ್ದು ಅದೇ ಆವರಣದಲ್ಲಿ. ಪವಿತ್ರ ಸ್ಥಳದಲ್ಲಿ ಇರುವವರೂ ಮನುಷ್ಯರೇ ಎಂಬುದನ್ನು ಇತಿಹಾಸ ಮರೆಮಾಚಬಾರದು.

1957ರಲ್ಲಿ ಚೀನಾ ತಾವೋ ಸಂಘ ಸ್ಥಾಪನೆಯಾಗಿ ಬೈಯುನ್ ಗುವಾನ್ ಅದರ ಕೇಂದ್ರವಾಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದ ಮೇಲೆ ಮಂದಿರದ ಬಾಗಿಲು ಮುಚ್ಚಿತು, ಸನ್ಯಾಸಿಗಳು ಚದುರಿದರು. 1984ರಲ್ಲಿ ಬಾಗಿಲು ಮತ್ತೆ ತೆರೆಯಿತು. 1989ರಲ್ಲಿ, ಹಲವು ದಶಕಗಳ ನಂತರ, ದೀಕ್ಷಾ ಸಮಾರಂಭ ಮತ್ತೆ ನಡೆಯಿತು. 1990ರಲ್ಲಿ ತಾವೋ ಧರ್ಮದ ಕಾಲೇಜು ಇಲ್ಲಿಯೇ ಆರಂಭವಾಯಿತು.

ಜನರ ಮಂದಿರ

ಬೀಜಿಂಗಿನ ಸಾಮಾನ್ಯ ಜನಕ್ಕೆ ಬೈಯುನ್ ಗುವಾನ್ ಎಂದರೆ ಮೊದಲು ನೆನಪಾಗುವುದು ಹೊಸವರ್ಷದ ಜಾತ್ರೆ. ಮಹಾದ್ವಾರದ ಕಮಾನಿನಲ್ಲಿ ಕೆತ್ತಿದ ಪುಟ್ಟ ಕಲ್ಲಿನ ಮಂಗವನ್ನು ಸವರಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆ. ಲಕ್ಷಾಂತರ ಕೈಗಳು ಸವರಿ ಅದು ನುಣುಪಾಗಿದೆ. ಒಳಗೆ ನೀರಿಲ್ಲದ ಒಂದು ಸೇತುವೆ. ಅದರ ಕೆಳಗೆ ತೂಗುಬಿಟ್ಟ ದೊಡ್ಡ ನಾಣ್ಯದಾಕಾರದ ಫಲಕದ ನಡುವಿನ ಗಂಟೆಗೆ ಜನ ಚಿಲ್ಲರೆ ಕಾಸು ಎಸೆಯುತ್ತಾರೆ. ಗುರಿ ತಾಗಿ ಗಂಟೆ ಸದ್ದಾದರೆ ವರ್ಷವೆಲ್ಲ ಅದೃಷ್ಟ. ಚಾಂದ್ರಮಾನ ವರ್ಷದ ಮೊದಲ ತಿಂಗಳ 19ನೆಯ ದಿನ ಚ್ಯೂ ಚೂಜಿಯ ಜಯಂತಿ. ಅವನು ಅಂದು ಯಾವುದಾದರೊಂದು ವೇಷದಲ್ಲಿ ಜನರ ನಡುವೆ ಬರುತ್ತಾನೆಂದು ಹಿಂದಿನವರು ನಂಬಿದ್ದರು. ಹಾಗಾಗಿ ಅಂದು ಯಾವ ಭಿಕ್ಷುಕನನ್ನೂ ಗದರಿಸುವಂತಿರಲಿಲ್ಲ.

ಅವನ ಗುಡಿಯಲ್ಲಿ ಮರದ ಗಂಟಿನಿಂದ ಕೊರೆದ ಒಂದು ದೊಡ್ಡ ಬಟ್ಟಲಿದೆ. ಚಿಂಗ್ ಚಕ್ರವರ್ತಿಯ ಕೊಡುಗೆ ಅದು. ಮಠಕ್ಕೆ ಬಡತನ ಬಂದಾಗ ಸನ್ಯಾಸಿಗಳು ಆ ಬಟ್ಟಲನ್ನು ಹೊತ್ತು ಅರಮನೆಗೇ ಹೋಗಿ ಭಿಕ್ಷೆ ಕೇಳಬಹುದಿತ್ತೆಂದು ಹೇಳುತ್ತಾರೆ. ಆ ಬಟ್ಟಲಿನ ಕೆಳಗೆ ಚ್ಯೂ ಚೂಜಿಯ ಅವಶೇಷಗಳಿವೆ. ಚಕ್ರವರ್ತಿಗಳೂ ಇಲ್ಲ, ಆ ಅರಮನೆಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಬಟ್ಟಲು ಮಾತ್ರ ಅಲ್ಲೇ ಇದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1280 ವರ್ಷಗಳಿಂದ ಉಳಿದದ್ದು ಏನು? ಗೋಡೆಗಳಲ್ಲ, ತೊಲೆಗಳಲ್ಲ, ಹೆಸರು ಕೂಡ ಅಲ್ಲ. ಸುಟ್ಟದ್ದನ್ನು ಮತ್ತೆ ಕಟ್ಟಬೇಕು, ಕಳೆದದ್ದನ್ನು ಮತ್ತೆ ನಕಲು ಮಾಡಬೇಕು ಎಂದು ಪ್ರತಿ ತಲೆಮಾರಿನಲ್ಲೂ ಕೆಲವರು ಮಾಡಿದ ತೀರ್ಮಾನವೇ ಉಳಿದದ್ದು. ಗುರುವಿನ ಸಮಾಧಿಗೆ ದೀಪ ಹಚ್ಚಿದವನೂ 1845ರಲ್ಲಿ ಹರಿದ ಪುಟಗಳನ್ನು ಕೈಬರಹದಲ್ಲಿ ತುಂಬಿಸಿದವನೂ ಒಂದೇ ಕೆಲಸ ಮಾಡಿದರು. ಮೋತ್ಸೆಯ ರಂಧ್ರವನ್ನಾಗಲಿ ಗೆ ಹೊಂಗನ ಸೊಪ್ಪನ್ನಾಗಲಿ ಅವರು ಅರ್ಥ ಮಾಡಿಕೊಂಡಿದ್ದರೋ ಇಲ್ಲವೋ, ಎಸೆಯಲಿಲ್ಲ. ಅರ್ಥ ಮಾಡಿಕೊಳ್ಳುವವರು ಮುಂದೆ ಬಂದರು.

ನಿಮ್ಮ ಊರಿನಲ್ಲಿಯೂ ಹಳೆಯ ಗುಡಿ, ಬಸದಿ, ಮಠ, ಮಸೀದಿ, ಚರ್ಚು ಇರಬಹುದು. ಮುಂದಿನ ಸಲ ಅಲ್ಲಿಗೆ ಹೋದಾಗ ಕಟ್ಟಿಸಿದವರು ಯಾರು ಎಂದಷ್ಟೇ ಕೇಳಿ ಹಿಂದಿರುಗಬೇಡಿ. ಇಲ್ಲಿ ಏನನ್ನು ಕಾಪಾಡಿಕೊಂಡು ಬಂದಿದ್ದಾರೆ, ಕಾಪಾಡಿದವರು ಯಾರು, ಅದರ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ ಎಂದೂ ಕೇಳಿ. ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಮಾಡಬೇಕಾದ ಕೆಲಸ ಏನೆಂದು ಈಗ ನಿಮಗೆ ಗೊತ್ತಿದೆ.